ಜಾರದೆ ಹೋದ ಪಿಕಪ್

ಮೊಂಟಾನಾ, ಫೆಬ್ರುವರಿ

ವೆಂಡೆಲ್‌ಗೆ,

ಅಮ್ಮನ ಮಣ್ಣಿಗೆ ಬಂದಾಗ ನೀನು, "ಹೊಸ ಪಿಕಪ್‌ನಲ್ಲಿ ಇದು ಹೇಗಾಯ್ತಕ್ಕಾ?" ಎಂದು ಕೇಳಿದೆ. ಅಪ್ಪ ಎದುರಿಗಿದ್ದರು, ಹಾಗಾಗಿ ಈಗ ಬರೆಯುತ್ತಿದ್ದೇನೆ.

ಹಳೆಯ ಗಾಡಿಯಲ್ಲಿ ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಬೇಕಾದರೆ ಅಪ್ಪನೇ ಲಿವರ್ ಎಳೆಯಬೇಕಿತ್ತು. ಅವರಿಗೆ ಭುಜ ನೋಯುತ್ತದೆಂದು ನೀನು ಅದನ್ನು ಮಾರಿಸಿ ಈ ಹೊಸದನ್ನು ಆರಿಸಿದೆ. "ಇದನ್ನ ಆಟೋಮ್ಯಾಟಿಕ್‌ನಲ್ಲಿಟ್ಟು ಮರ್ತುಬಿಡಪ್ಪಾ, ಎಲ್ಲ ಗಾಡಿನೇ ನೋಡ್ಕೊಳ್ಳತ್ತೆ" ಎಂದೆ. ಅವರು ಮರೆತರು.

ಮಂಜುಗಡ್ಡೆಯ ಮೇಲೆ ಹಳೆಯದರ ಹಿಂಭಾಗ ಓಲಾಡುತ್ತಿತ್ತು. ಅಪ್ಪ ಬೈದುಕೊಂಡು ನಿಧಾನಿಸುತ್ತಿದ್ದರು. ಆ ದಿನ ಹೊಸದು ಚಕ್ರ ಜಾರಿದ್ದನ್ನು ತಾನೇ ಸರಿಮಾಡಿಕೊಂಡು, ಅವರಿಗೆ ತಿಳಿಯಗೊಡದೆ ಓಡಿತು. ಅಮ್ಮ, "ಸ್ವಲ್ಪ ನಿಧಾನ ಕಣ್ರೀ" ಎಂದಳಂತೆ. "ಏನಾಗಲ್ಲ ಸುಮ್ನಿರೇ, ನಿನ್ನ ಮಗ ಆರಿಸಿದ ಗಾಡಿ" ಎಂದು ಅಪ್ಪ ನಕ್ಕರಂತೆ. ಕಣಿವೆಯ ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗಲೇ ರಸ್ತೆಯೆಲ್ಲ ಮಂಜುಗಡ್ಡೆಯೆಂದು ಗೊತ್ತಾದದ್ದು. ನಾಲ್ಕೂ ಚಕ್ರವನ್ನು ಮುಂದೆ ತಳ್ಳುವ ಆ ಬಲ ನಿಲ್ಲಿಸುವುದಕ್ಕೆ ನೆರವಾಗುವುದಿಲ್ಲ; ಗಾಡಿ ನಿಲ್ಲದೆ ರಸ್ತೆಯಿಂದಾಚೆ ಉರುಳಿತು.

ನೀನು ಒಳ್ಳೆಯದಕ್ಕೇ ಮಾಡಿದೆ. ಅದಕ್ಕೇ ನಿನ್ನನ್ನು ಬೈಯಲೂ ಆಗುತ್ತಿಲ್ಲ.

ಗ್ಯಾರೇಜಿನಲ್ಲಿರುವ ಪಿಕಪ್ ಅನ್ನು ನೀನೇ ಬಂದು ಸಾಗಿಸು. ಇನ್ನೊಂದು ಮಾತು. ಬಂದವರಿಗೆಲ್ಲ ಅಪ್ಪ, "ಗಾಡೀದೇನೂ ತಪ್ಪಿಲ್ಲ, ನಾನೇ ಅವಳನ್ನ ಕೊಂದೆ" ಎನ್ನುತ್ತಾರೆ. ನಿನ್ನ ಹೆಸರು ಎತ್ತುವುದಿಲ್ಲ. ಒಮ್ಮೆ ಅವರಿಗೆ ಫೋನ್ ಮಾಡಿ, "ನೀನಲ್ಲಪ್ಪಾ" ಎನ್ನು. ನಾನು ಹೇಳಿದರೆ ಅವರು ನಂಬುತ್ತಿಲ್ಲ.

ನಿನ್ನ ಅಕ್ಕ,
ಆರ್ಡಿತ್