ನಿನ್ನ ಹಾಡಿನಲ್ಲಿ ಅವನಿಗೆ ಜಾಗವಿಲ್ಲ

ಬೇಕರಿಯಿಂದ,
ಹನ್ನೊಂದನೇ ತಾರೀಕು, ಮಂಗಳವಾರ

ನನ್ನ ಸೊಸೆಗೆ (ಇನ್ನೂ ಸೊಸೆಯೋ ಅಲ್ಲವೋ ನೀವಿಬ್ಬರು ತೀರ್ಮಾನ ಮಾಡುವವರೆಗೂ ನಾನು ಹೀಗೆಯೇ ಕರೆಯುವವಳು),

ಈ ವಯಸ್ಸಿನಲ್ಲಿ ನನ್ನ ಕೈಗೆ ಪೆನ್ನು ಹಿಡಿಸಿದ್ದೀಯಲ್ಲ, ನಿನಗೆ ಒಳ್ಳೆಯದಾಗುವುದಿಲ್ಲ. ಐದನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ಅಂಗಡಿ ಬಾಗಿಲಿಗೆ 'ಇಂದು ರಜೆ' ಎಂದು ಬರೆದು ಅಂಟಿಸುವುದಕ್ಕಿಂತ ಉದ್ದದ್ದನ್ನು ಬರೆದು ಯಾವ ಕಾಲವಾಯಿತೋ. ಫೋನಿನಲ್ಲಾಗಿದ್ದರೆ ಬೈದು ಮುಗಿಸಿ ಇಷ್ಟು ಹೊತ್ತಿಗೆ ಬನ್ನಿನ ತಟ್ಟೆ ಒಲೆಗೆ ಹಾಕಿರುತ್ತಿದ್ದೆ. ಆದರೆ ನಿನ್ನ ಗಂಟಲು ಮತ್ತೆ ಊದಿದೆಯಂತೆ, ಇಪ್ಪತ್ತನೇ ತಾರೀಕಿನವರೆಗೆ ಪಿಸುಮಾತೂ ಕೂಡದು ಎಂದು ಡಾಕ್ಟರು ಹೇಳಿದ್ದಾರಂತೆ, ನೀನು ಫೋನು ಮುಚ್ಚಿಟ್ಟು ಆ ರೆಕಾರ್ಡಿಂಗ್ ಮನೆಯ ಮಹಡಿ ಹತ್ತಿ ಕೂತಿದ್ದೀಯಂತೆ. ಎಲ್ಲ ಅಲ್ಲಿ ಯಂತ್ರ ನೋಡಿಕೊಳ್ಳುವ ರೆಕಾರ್ಡಿಂಗ್ ಹುಡುಗಿ ಹೇಳಿದ್ದು. ನಾನೇ ಬಂದು ಎದುರಿಗೆ ನಿಂತು ಬೈಯುತ್ತೇನೆ, ಅವಳು ಸುಮ್ಮನೆ ಕೇಳಲಿ ಎಂದೆ. "ಬೇಡಮ್ಮಾ, ನೀವು ಬೈದ್ರೆ ಅಕ್ಕ ತಿರುಗಿ ಬೈದೇ ಬೈತಾರೆ, ಇರೋ ಗಂಟಲೂ ಹೋಗತ್ತೆ" ಎಂದಳು. ಅದೂ ನಿಜ. ಹಾಗಾಗಿ ಈ ಕಾಗದ. ಅವಳ ಕೈಯಲ್ಲೇ ಕಳಿಸುತ್ತಿದ್ದೇನೆ.

ಮೊದಲು ಒಳ್ಳೆಯ ಮಾತು ಹೇಳಿಬಿಡುತ್ತೇನೆ, ಆಮೇಲೆ ಸಿಟ್ಟಿನಲ್ಲಿ ಮರೆತುಹೋಗುತ್ತದೆ. ನಿನ್ನ ಆಲ್ಬಮ್ಮಿನ ಹಾಡುಗಳನ್ನು ಶನಿವಾರ ಕೇಳಿದೆ. ಆ ಹುಡುಗಿ ಹಿಟ್ಟು ನಾದುವ ಮೇಜಿನ ಮೇಲೆ ಪುಟ್ಟ ಸ್ಪೀಕರ್ ಇಟ್ಟು ಹಾಕಿದಳು. ಬ್ರೆಡ್ಡು ಕೊಳ್ಳಲು ಬಂದವರು ಚಿಲ್ಲರೆ ಕೈಯಲ್ಲಿ ಹಿಡಿದುಕೊಂಡೇ ನಿಂತರು. ನಿನ್ನ ದನಿ ಬದಲಾಗಿದೆ. ಮೊದಲು ಜರಡಿ ಹಿಡಿದ ಮೈದಾದ ಹಾಗಿತ್ತು. ಈಗ ತೌಡು ತೆಗೆಯದ ಗೋಧಿಹಿಟ್ಟು. ನನಗೆ ಇದೇ ಹಿಡಿಸಿತು, ಅಗಿಯುವುದಕ್ಕೆ ಏನಾದರೂ ಸಿಗುತ್ತದೆ. ಎದುರಂಗಡಿಯ ಕ್ಷೌರದವನು ಕತ್ತರಿ ಹಿಡಿದೇ ಬಂದು "ಏನಮ್ಮಾ, ಹಾಡ್ತಿರೋದು ಗಂಡಸಾ ಹೆಂಗಸಾ?" ಎಂದ. ನನ್ನ ಸೊಸೆ ಎಂದೆ. ತೆಪ್ಪಗೆ ವಾಪಸು ಹೋದ. ಅಲ್ಲಿ ಅರ್ಧ ಗಡ್ಡದ ಗಿರಾಕಿ ಕಾಯುತ್ತಿದ್ದ.

ಒಳ್ಳೆಯ ಮಾತು ಮುಗಿಯಿತು.

ಸಿಟ್ಟೆಲ್ಲಿ ಹೋಯಿತು ನಿನ್ನದು? ಒಂದು ಹಾಡಿನಲ್ಲಿ ಕಿಟಕಿ, ಇನ್ನೊಂದರಲ್ಲಿ ರೈಲು, ಮತ್ತೊಂದರಲ್ಲಿ ಮೊದಲಿನಿಂದ ಕೊನೆತನಕ 'ಇರಲಿ ಬಿಡು, ಇರಲಿ ಬಿಡು'. ಏನು ಇರಲಿ, ಯಾಕೆ ಬಿಡು? ರಾಕ್ ಹಾಡುವವಳು ನೀನು, ಜೋಗುಳ ಹಾಡುವವಳಲ್ಲ. ನಿಮ್ಮ ಸಂಗೀತ ಮೊದಮೊದಲು ನನ್ನ ಕಿವಿಗೆ ಹಿಟ್ಟು ಕಲಸುವ ಯಂತ್ರದೊಳಗೆ ಸೌಟು ಬಿದ್ದ ಹಾಗೆ ಕೇಳಿಸುತ್ತಿತ್ತು. ಆದರೂ ಬೆಳಗಿನ ಮೊದಲ ಒಲೆ ಹೊತ್ತಿಸುವಾಗ ಅದನ್ನೇ ಹಾಕಿಕೊಳ್ಳುವ ಅಭ್ಯಾಸವಾಯಿತು. ಯಾಕೆ ಗೊತ್ತೇ? ನಾನು ಬಾಯಿಬಿಟ್ಟು ಬೈಯಲಾಗದವರನ್ನೆಲ್ಲ ನೀನು ಬೈಯುತ್ತಿದ್ದೆ.

ಕೊನೆಯ ಹಾಡು ಬಂತು. 'ನನ್ನ ಬಾಯಿ ಕಟ್ಟಿದವರೇ, ಬನ್ನಿ, ಈಗ ನಿಮ್ಮ ಕಿವಿ ಕಟ್ಟಿಕೊಳ್ಳಿ.' ಕೈಯಲ್ಲಿದ್ದ ಹಿಟ್ಟಿನ ಮುದ್ದೆಯನ್ನು ಎತ್ತಿ ಮೇಜಿಗೆ ಅಪ್ಪಳಿಸಿದೆ. ಹೀಗಿರಬೇಕು ಎಂದೆ. ಅಷ್ಟರಲ್ಲಿ ದನಿ ನಿಂತುಹೋಯಿತು. ಬರೀ ಡ್ರಮ್ಮು, ಸವಾರ ಬಿದ್ದ ಕುದುರೆ ಒಂದೇ ಓಡಿದ ಹಾಗೆ. ಸುಮಾರು ಹೊತ್ತು ಅಷ್ಟೇ. ಯಂತ್ರ ಕೆಟ್ಟಿತೇನೇ ಎಂದು ಕೇಳಿದೆ. ಹುಡುಗಿ ನೆಲ ನೋಡಿದಳು. ಈ ಸಲ ಗದರಿದೆ. ಆಗ ಬಾಯಿಬಿಟ್ಟಳು. "ಅಲ್ಲಿ ಅಣ್ಣ ಗಿಟಾರ್ ಬಾರಿಸ್ತಾರಂತೆ. ಅವರಿಗೆ ಇನ್ನೂ ಹೇಳಿಲ್ಲ, ಆದ್ರೆ ಜಾಗ ಬಿಟ್ಟಿಡು ಅಂತ ಅಕ್ಕ ಬರೆದು ತೋರಿಸಿದ್ರು."

ಅಣ್ಣ! ಯಾವ ಅಣ್ಣ? ಲೋಕದ ಅತ್ತೆಯರೆಲ್ಲ ಒಳ್ಳೆಯದು ಮಾಡಿದರೆ ನನ್ನ ಮಗ, ಕೆಟ್ಟದ್ದು ಮಾಡಿದರೆ ನಿನ್ನ ಗಂಡ ಎನ್ನುತ್ತಾರೆ. ನಾನು ಹಾಗೆ ಜಾರಿಕೊಳ್ಳುವವಳಲ್ಲ. ಅವನು ನನ್ನ ಮಗನೇ. ಹೆತ್ತವರಿಗೆ ಹೆಗ್ಗಣ ಮುದ್ದಂತೆ. ಈ ಹೆಗ್ಗಣ ನನ್ನ ಹಿಟ್ಟಿನ ಕೋಣೆಯಲ್ಲೇ ಬೆಳೆದದ್ದು, ಅದರ ಹಲ್ಲು ಎಷ್ಟು ಚೂಪು ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ನೀನು ಮರೆತಿದ್ದರೆ ನೆನಪಿಸುತ್ತೇನೆ, ಕೇಳು. ಗೋಡೆಯುದ್ದಕ್ಕೂ ಮೈದಾ ಮೂಟೆ ಪೇರಿಸಿದರೆ ಸದ್ದು ಬೀದಿಗೆ ಹೋಗುವುದಿಲ್ಲ ಎಂದು ಕಂಡುಹಿಡಿದು, ನನ್ನ ಹಿಟ್ಟಿನ ಕೋಣೆಯಲ್ಲಿ ನಿಮ್ಮ ತಂಡ ಕಟ್ಟಿದವನು ಅವನು. ಮೂಟೆ ಕರಗುತ್ತಾ ಬಂದ ಹಾಗೆ ಸದ್ದು ಗೋಡೆಗೆ ಬಡಿದು ತಿರುಗಿ ಬರುತ್ತಿತ್ತು. ಆಗ "ಅಮ್ಮಾ, ಬೇಗ ಲೋಡ್ ತರಿಸು, ಪ್ರಾಕ್ಟೀಸ್ ಕೆಡ್ತಿದೆ" ಎನ್ನುವನು, ನಾನು ಮೈದಾ ತರಿಸುವುದು ಬ್ರೆಡ್ಡಿಗಲ್ಲ, ಇವನ ಗಿಟಾರಿಗೆ ಎನ್ನುವ ಹಾಗೆ! ಇನ್ನು ನಿಮ್ಮ ತಂಡದ ನಿಯಮ. ಯಾವ ವಿಷಯವೇ ಬರಲಿ, 'ಬೇಡ' ಎಂದು ಬಾಯಿಬಿಟ್ಟು ಹೇಳದವರೆಲ್ಲ ಒಪ್ಪಿದ ಹಾಗೆ. ದಪ್ಪ ತಂತಿಯ ಗಿಟಾರಿನವನು, ಆ ತೂಕಡಿಕೆ, ಮಾತುಕತೆ ಶುರುವಾದರೆ ಮೂಟೆಗೆ ಒರಗಿ ನಿದ್ದೆ ಹೋಗುತ್ತಿದ್ದ. ಅವನನ್ನು ಎಬ್ಬಿಸುವ ಗೋಜು ಬೇಡ ಎಂದು ಮಾಡಿಕೊಂಡ ತಮಾಷೆ ಅದು. ನೀವೆಲ್ಲ ನಕ್ಕಿರಿ. ನಿನ್ನ ಕುತ್ತಿಗೆಗೆ ಅದೇ ಉರುಳಾಯಿತು.

ನೀನು ಆಗಷ್ಟೇ ಗಂಟಲಿನ ಗಂಟು ತೆಗೆಸಿಕೊಂಡು ಬಂದಿದ್ದೆ. ಒಂದು ಮಾತಾಡಿದರೂ ಹೊಲಿಗೆ ಬಿಟ್ಟು ದನಿ ಶಾಶ್ವತವಾಗಿ ಹೋಗಬಹುದು ಎಂದಿದ್ದರು. ಅದು ಗೊತ್ತಿದ್ದೂ ಅವನು ಎಲ್ಲರನ್ನೂ ಕೂಡಿಸಿದ. ಊರೂರು ಕಾರ್ಯಕ್ರಮ ಒಪ್ಪಿಕೊಂಡಾಗಿದೆ, ಹೊಸ ಹುಡುಗಿ ಹಾಡಲಿ, ಇನ್ನು ಮುಂದೆ ಅವಳೇ ಹಾಡಲಿ, ಬೇಡ ಅನ್ನೋರು ಹೇಳಿ ಎಂದ. ತೂಕಡಿಕೆ ನಿದ್ದೆಯಲ್ಲಿದ್ದ. ಡ್ರಮ್ಮು ಬಾರಿಸುವವನು, ಆ ಡಬ್ಬ, ತನ್ನ ಕೋಲು ನೋಡಿಕೊಂಡು ಕೂತ. ನೀನು ಎರಡೂ ಕೈಯಿಂದ ಮೂಟೆಗೆ ಬಡಿದೆಯಂತೆ, ಕೋಣೆ ತುಂಬ ಹಿಟ್ಟು ಎದ್ದಿತಂತೆ. "ಬಾಯಲ್ಲಿ ಹೇಳ್ಲಿಲ್ಲ ತಾನೇ? ಹಾಗಾದ್ರೆ ಒಪ್ಪಿಗೆ" ಎಂದನಂತೆ ನನ್ನ ಮಗ. ಇದನ್ನು ಡಬ್ಬನೇ ಆಮೇಲೆ ಬ್ರೆಡ್ಡು ಕೊಳ್ಳಲು ಬಂದಾಗ ಕಕ್ಕಿದ. ಕಕ್ಕಿಸಿದೆ ಎನ್ನು.

ಅವತ್ತು ನೀನು ಮೈಯೆಲ್ಲ ಬೆಳ್ಳಗಾಗಿ ನನ್ನ ಮೇಜಿನ ಹತ್ತಿರ ಬಂದು ನಿಂತೆ. ಮೇಜಿನ ಮೇಲೆ ಉದುರಿಸಿದ್ದ ಹಿಟ್ಟಿನಲ್ಲಿ ಬೆರಳಿನಿಂದ ಬರೆದೆ: 'ನನ್ನನ್ನು ತೆಗೆದರು.' ನಾನು ಓದುವುದು ನಿಧಾನ. ಓದಿ ಮುಗಿಸುವಷ್ಟರಲ್ಲಿ ನಿನ್ನ ಕಣ್ಣೀರು ಬಿದ್ದು ಅಕ್ಷರ ಅಂಟಾಗಿತ್ತು. ಅವನೋ, ಮರುವಾರವೇ ಪತ್ರಿಕೆಯವರ ಮುಂದೆ ನಿಂತು, ಅವಳು ತಾನಾಗಿಯೇ ತಂಡ ಬಿಟ್ಟಳು, ಅವಳ ದಾರಿ ಅವಳಿಗೆ, ಶುಭವಾಗಲಿ ಎಂದ. ಶುಭವಂತೆ! ನೀನು ಅಲ್ಲ ಎಂದು ಕೂಗುವ ಹಾಗಿರಲಿಲ್ಲ. ಜನ ನಂಬಿದರು. ಈಗಲೂ ನಂಬಿದ್ದಾರೆ. ಹೆಸರು ಬಂದ ಮೇಲೆ ತಂಡವನ್ನು ಒದ್ದು ಹೋದಳು ಎಂದು ನನ್ನ ಅಂಗಡಿಯಲ್ಲೇ ಒಬ್ಬಳು ಆಡಿದಳು. ಅವಳಿಗೆ ಸೀದ ಬ್ರೆಡ್ಡು ಕಟ್ಟಿಕೊಟ್ಟೆ.

ನೀನು ಮಾತಿಲ್ಲದೆ ಕೂತಿದ್ದ ದಿನಗಳಲ್ಲಿ ನಾನು ಕೈಕಟ್ಟಿ ಕೂರಲಿಲ್ಲ. ಹಿಟ್ಟಿನ ಕೋಣೆಗೆ ಬೀಗ ಜಡಿದೆ. ಈಗ ಅವರು ಕಾರು ತೊಳೆಯುವ ಷೆಡ್ಡಿನಲ್ಲಿ ಬಾರಿಸುತ್ತಾರೆ, ತಗಡಿನ ಡಬ್ಬದಲ್ಲಿ ಕಲ್ಲು ಹಾಕಿ ಕುಲುಕಿದ ಹಾಗಿರುತ್ತದೆ. ಡ್ರಮ್ಮಿನ ಡಬ್ಬ ಕಾಲಡಿಗೆ ಹಾಸಿಕೊಳ್ಳುತ್ತಿದ್ದ ಜಮಖಾನೆಯನ್ನು ಅಂಗಡಿ ಬಾಗಿಲಿಗೆ ಕಾಲೊರೆಸುವುದಕ್ಕೆ ಹಾಕಿದ್ದೇನೆ. ಎಲ್ಲಕ್ಕಿಂತ ಚೆನ್ನಾಗಿದ್ದದ್ದು ಅವರ ಕಾರ್ಯಕ್ರಮದ ದಿನ. ಟಿಕೆಟ್ಟು ಕೊಂಡು ಹೋಗಿ ಮುಂದಿನ ಸಾಲಿನಲ್ಲೇ ಕೂತೆ. ಆ ಹೊಸ ಹುಡುಗಿ ನಿನ್ನ ಹಾಡು ಎತ್ತಿಕೊಂಡಳು. ನಾನು ಚೀಲದಿಂದ ಹತ್ತಿ ತೆಗೆದೆ, ಎಲ್ಲರಿಗೂ ಕಾಣುವ ಹಾಗೆ ಉಂಡೆ ಮಾಡಿದೆ, ಒಂದು ಈ ಕಿವಿಗೆ, ಒಂದು ಆ ಕಿವಿಗೆ. ನನ್ನ ಮಗ ನೋಡಿದ. ಬೆರಳು ಜಾರಿ ಏನೋ ಅಪಸ್ವರ ಹಿಡಿದ. ಹತ್ತಿ ದಾಟಿ ಕೇಳಿಸಿತು ನನಗೆ. ಇಷ್ಟು ವರ್ಷ ಅವನು ಬಾರಿಸಿದ್ದರಲ್ಲಿ ನನಗೆ ತುಂಬ ಇಷ್ಟವಾದದ್ದು ಅದೇ.

ನಾನು ಇಷ್ಟೆಲ್ಲ ಮಾಡುವಾಗ ನೀನು ಅವನಿಗೆ ಜಾಗ ಬಿಟ್ಟಿಡುತ್ತೀಯ!

ಅವನು ನಿನ್ನೆ ಇಲ್ಲಿಗೆ ಬಂದಿದ್ದ. ಹೊಸ ಹುಡುಗಿ ತಂಡ ಬಿಟ್ಟು ಹೋಗಿದ್ದಾಳೆ, ಅವರ ಕಾರ್ಯಕ್ರಮಕ್ಕೆ ಈಗ ಕುರ್ಚಿಗಳೇ ಹೆಚ್ಚು. ನಾನು ಒಳಗೆ ಕರೆಯಲಿಲ್ಲ, ಗಿರಾಕಿಗಳ ಹಾಗೆ ಗಾಜಿನ ಆಚೆಯೇ ನಿಲ್ಲಿಸಿದೆ. "ಅಮ್ಮಾ, ಅವಳ ಆಲ್ಬಮ್‌ನಲ್ಲಿ ಒಂದೇ ಒಂದು ಹಾಡಿಗೆ ಬಾರಿಸ್ತೀನಿ. ಅವಳಿಗೆ ಮತ್ತೆ ದನಿ ಹೋಗಿದೆಯಂತೆ, ಬರೆದು ಕೇಳಿದ್ದೆ, ಉತ್ತರ ಬಂದಿಲ್ಲ. ನೀನು ಕೇಳಿ ಹೇಳು" ಎಂದ. ಏನು ಬೇಕು ನಿನಗೆ, ಬನ್ನಾ ಬಿಸ್ಕತ್ತಾ ಎಂದೆ. "ನನ್ನ ಹೆಸರು ಹಾಕೋದೂ ಬೇಡಮ್ಮ" ಎಂದ. ಹೆಸರು ಹಾಕದೆ ಬಾರಿಸೋಕೆ ನೀನೇನು ಕಳ್ಳನಾ ಎಂದೆ. "ಹೌದು" ಎಂದ. ಅಷ್ಟು ಬೇಗ ಒಪ್ಪಿಕೊಳ್ಳುತ್ತಾನೆ ಎಂದು ನಾನು ಎಣಿಸಿರಲಿಲ್ಲ. ಸೊರಗಿದ್ದಾನೆ. ಅದನ್ನು ನಿನಗೆ ಯಾಕೆ ಬರೆದೆನೋ. ಸೊರಗಲಿ. ಕೊಡಬೇಕಾದ ಉತ್ತರ ಕೊಟ್ಟು ಕಳಿಸಿದೆ.

ಈಗ ಸರಿಯಾಗಿ ಕೇಳಿಸಿಕೋ. ನಾನು ಕ್ಷಮಿಸಬೇಡ ಎನ್ನುತ್ತಿಲ್ಲ. ಕ್ಷಮಿಸುವುದಿದ್ದರೆ ಅಡುಗೆಮನೆಯಲ್ಲಿ ಕ್ಷಮಿಸು, ಬೇಕಾದರೆ ಮಲಗುವ ಕೋಣೆಯಲ್ಲಿ ಕ್ಷಮಿಸು, ಅದು ಗಂಡ ಹೆಂಡಿರ ಪಾಡು, ನಾನು ಮೂಗು ತೂರಿಸುವುದಿಲ್ಲ. ಆದರೆ ಅವನು ನಿನ್ನನ್ನು ತೆಗೆದದ್ದು ಊರ ಮುಂದೆ. ಊರ ಮುಂದೆಯೇ ಅವನು ಹೊರಗೆ ನಿಲ್ಲಬೇಕು. ಈ ಆಲ್ಬಮ್ ನಿನ್ನ ಒಬ್ಬಳದು. ಅದರಲ್ಲಿ ಅವನ ಗಿಟಾರಿನ ಒಂದು ಎಳೆ ಕೇಳಿಸಲಿ, ಜನ ಏನನ್ನುತ್ತಾರೆ? ನೋಡಿ, ಗಂಡನಿಲ್ಲದೆ ಇವಳ ಕೈಲಾಗಲಿಲ್ಲ ಎನ್ನುತ್ತಾರೆ. ಇಲ್ಲವೇ, ಅಯ್ಯೋ, ಇಬ್ಬರೂ ಚೆನ್ನಾಗಿಯೇ ಇದ್ದಾರೆ, ಅವಳೇ ಬಿಟ್ಟು ಹೋಗಿದ್ದು ನಿಜ ಇರಬೇಕು ಎನ್ನುತ್ತಾರೆ. ಅವನ ಸುಳ್ಳಿಗೆ ನೀನೇ ಸಹಿ ಹಾಕಿಕೊಟ್ಟ ಹಾಗೆ.

ಆ ಜಾಗವನ್ನು ಬೇರೆಯವರಿಂದಲೂ ತುಂಬಿಸಬೇಡ. ಖಾಲಿ ಬಿಡು. ಡ್ರಮ್ಮು ಒಂದೇ ಓಡಲಿ. ಕೇಳುವವರು ಇಲ್ಲಿ ಯಾರೋ ಇರಬೇಕಿತ್ತಲ್ಲ, ಎಲ್ಲಿ ಎಂದು ಹುಡುಕಲಿ. ಅವನೂ ಒಂದು ದಿನ ಎಲ್ಲೋ ಬಸ್ಸಿನಲ್ಲೋ ಅಂಗಡಿಯಲ್ಲೋ ಆ ಹಾಡು ಕೇಳಬೇಕು. ತನ್ನ ಜಾಗ ಬಂದಾಗ ಬೆರಳು ತಾನಾಗಿ ಮಡಚಬೇಕು, ಹಿಡಿಯುವುದಕ್ಕೆ ತಂತಿ ಇರಬಾರದು. ಸುಮ್ಮನಿರುವುದು ಎಂದರೇನು ಎಂದು ಅವನಿಗೆ ಅಷ್ಟು ಹೊತ್ತಾದರೂ ಗೊತ್ತಾಗಲಿ. ಉಪ್ಪು ತಿಂದವನು ನೀರು ಕುಡಿಯಲಿ.

ಊದಿದ ಗಂಟಲಿಗೆ ಬಿಸಿನೀರು ಕುಡಿ. ತಣ್ಣನೆಯದು ಮುಟ್ಟಿದೆ ಎಂದು ಹುಡುಗಿ ಹೇಳಿದರೆ ಅಲ್ಲಿಗೇ ಬರುತ್ತೇನೆ. ಕಾಗದದ ಜೊತೆ ಮೆತ್ತನೆಯ ಬ್ರೆಡ್ಡು ಇಟ್ಟಿದ್ದೇನೆ, ಅಂಚು ಕತ್ತರಿಸಿದ್ದೇನೆ, ನುಂಗಲು ಕಷ್ಟವಾಗುವುದಿಲ್ಲ.

ಇಂತಿ,
ಸಿಟ್ಟು ಇನ್ನೂ ಇಳಿಯದ
ನಿನ್ನ ಅತ್ತೆ

ಮರೆತಿದ್ದೆ, ಇಲ್ಲ, ಮರೆತಿರಲಿಲ್ಲ, ಬರೆಯುವುದು ಬೇಡ ಎಂದುಕೊಂಡಿದ್ದೆ. ನಿನ್ನೆ ಅವನಿಗೆ ನಾನು ಕೊಟ್ಟ ಉತ್ತರ ನಿನ್ನ ಹೆಸರಿನಲ್ಲಿ ಕೊಟ್ಟದ್ದು. ಅವಳನ್ನು ಕೇಳಿದ್ದಾಯಿತು, ಬೇಡವೇ ಬೇಡ ಎಂದಳು ಎಂದುಬಿಟ್ಟೆ. ನೀನು ಜಾಗ ಬಿಟ್ಟಿಟ್ಟ ಸುದ್ದಿ ಹೇಳಲಿಲ್ಲ. ಅವನ ಮುಖ ಬೀಳುವುದನ್ನು ನೋಡೋಣ ಎಂದು ಗಾಜಿಗೆ ಮೂಗು ಹಚ್ಚಿ ನಿಂತಿದ್ದೆ. ಅವನು ಕೇಳಿದ್ದು ಒಂದೇ. "ಅವಳೇ ಹೇಳಿದ್ಳಾ? ಬಾಯಲ್ಲಿ? ದನಿ ಬಂತಾ ಹಾಗಾದ್ರೆ?" ಇನ್ನೇನು ಹೇಳಲಿ, ಬಂತು ಎಂದೆ. ಬೇಡ ಎಂದದ್ದು ಅವನ ಕಿವಿಗೆ ಬಿತ್ತೋ ಇಲ್ಲವೋ, ದನಿ ಬಂತಂತೆ, ದನಿ ಬಂತಂತೆ ಎಂದು ಕ್ಷೌರದವನಿಗೂ ಹೇಳಿಕೊಂಡು ಕಣ್ಣೊರೆಸಿಕೊಂಡು ಹೋದ. ನನ್ನ ಸೇಡೆಲ್ಲ ಸಪ್ಪಗಾಯಿತು. ಈ ಬೆಳಗಿನಿಂದ ಎರಡು ತಟ್ಟೆ ಬನ್ನು ಸೀಯಿಸಿದ್ದೇನೆ. ನೀನು ಬಾಯಿ ಬಿಡಲಾಗದೆ ಕೂತಿರುವಾಗ ನಿನ್ನ ಮಾತು ನಾನು ಆಡಬಾರದಿತ್ತು ಎಂದು ನೀನು ಹೇಳುತ್ತೀಯ. ಹೇಳು. 'ಬೇಡ' ಎನ್ನು ಎಂದೇ ನಾನು ಹೇಳುತ್ತೇನೆ, ಈಗಲೂ. ಆದರೆ ಬೇಡವೋ ಬೇಕೋ, ನಿನ್ನ ಕೈಯಾರೆ ಬರೆದು ಕಳಿಸು. ಅವನ ಮುಂದೆ ಓದುತ್ತೇನೆ, ಒಂದಕ್ಷರ ಕೂಡಿಸುವುದಿಲ್ಲ, ಕಳೆಯುವುದಿಲ್ಲ. ನೀನು ಬಾಯಿ ಬಿಡುವ ದಿನದವರೆಗೆ ಕಾಯಲಾರೆ, ಹದಿನೆಂಟನೇ ತಾರೀಕಿನೊಳಗೆ ಉತ್ತರ ನನ್ನ ಕೈಯಲ್ಲಿರಬೇಕು.