ಬೀಗರು ಹೊಡೆಯಬೇಕಾದ ಮೊಳೆ

ಸ್ಪ್ರೂಸ್ ಹಾರ್ಬರ್, ಅಲಾಸ್ಕಾ
ಸೆಪ್ಟೆಂಬರ್ 9, ಭಾನುವಾರ

ಪ್ರೀತಿಯ ಅಮ್ಮಾ,

ಭುಜದ ನೋವು ಹೇಗಿದೆ? ಲಾಂಡ್ರಿಯಲ್ಲಿ ಆ ಒದ್ದೆ ಬಟ್ಟೆಯ ಗಾಡಿಯನ್ನು ಒಬ್ಬಳೇ ತಳ್ಳಬೇಡ ಎಂದು ಹೇಳಿ ಬಂದಿದ್ದೆ. ತಳ್ಳುತ್ತಲೇ ಇರುತ್ತೀಯ ಎಂದು ಗೊತ್ತು. ಅಜ್ಜಿ ಮುಳ್ಳುಗಿಡದ ತೊಗಟೆ ಕಾಸಿ ಮಾಡಿದ ಮುಲಾಮನ್ನು ಇದರ ಜೊತೆ ಕಳಿಸುತ್ತಿದ್ದಾಳೆ. ರಾತ್ರಿ ಬಿಸಿ ಕೈಯಿಂದ ಉಜ್ಜಿಕೊಳ್ಳಬೇಕಂತೆ. ನಾನು ಚೆನ್ನಾಗಿದ್ದೇನೆ. ಅಜ್ಜಿಯೂ ಚೆನ್ನಾಗಿದ್ದಾಳೆ, ಮೊಣಕಾಲು ಮಾತ್ರ ಮೆಟ್ಟಿಲು ಕಂಡರೆ ಬೈಯುತ್ತದೆ. ಫೋನ್ ಬಿಟ್ಟು ಇವಳು ಪತ್ರ ಯಾಕೆ ಬರೆಯುತ್ತಿದ್ದಾಳೆ ಎಂದು ನಿನಗೆ ಅನ್ನಿಸಬಹುದು. ಫೋನಿನಲ್ಲಿ ಈ ಊರಿನ ಹೆಸರೆತ್ತಿದರೆ ನೀನು ಇಟ್ಟುಬಿಡುತ್ತೀಯ. ಪತ್ರವನ್ನು ಹರಿದು ಹಾಕಬಹುದು, ಆದರೆ ಹರಿಯುವ ಮೊದಲು ಒಂದು ಸಲ ಓದಿಯೇ ಓದುತ್ತೀಯ. ನಿನ್ನನ್ನು ನಾನು ಬಲ್ಲೆ.

ಎರಡು ವಾರ ಅಜ್ಜಿಯನ್ನು ನೋಡಿಕೊಂಡು ಬರುತ್ತೇನೆ ಎಂದು ಹೊರಟವಳು ಮೂರು ತಿಂಗಳು ಇಲ್ಲೇ ಉಳಿದೆ. ಈ ಊರು ನನಗೆ ಇಷ್ಟವಾಗಿದೆ ಅಮ್ಮಾ. ಮೆತ್ತಗೆ ಹೇಳುವುದು ನನಗೆ ಬರುವುದಿಲ್ಲ. ನಾನು ಮೊದಲ ದಿನ ನಿನ್ನ ನೀಲಿ ಕೊಡೆ ಬಿಚ್ಚಿಕೊಂಡು ಧಕ್ಕೆಗೆ ಇಳಿದಾಗ, ಕರೆದೊಯ್ಯಲು ಬಂದಿದ್ದ ಮರ್ನಾ ಅತ್ತೆ ಎಲ್ಲರಿಗೂ ಕೇಳುವ ಹಾಗೆ, "ಅಯ್ಯೋ, ಟೂರಿಸ್ಟ್ ಹಡಗು ಬರೋದು ಬುಧವಾರ ಅಲ್ವಾ? ಇವತ್ತೇ ಒಬ್ಬಳು ಇಳಿದ್ಬಿಟ್ಲಲ್ಲೋ!" ಎಂದು ಕೂಗಿದಳು. ಬಲೆ ಹೊಲಿಯುತ್ತಿದ್ದವರೂ ಸೂಜಿ ಬಿಟ್ಟು ನಕ್ಕರು. ಇಲ್ಲಿ ಕೊಡೆ ಹಿಡಿಯುವವರು ಟೂರಿಸ್ಟರು ಮಾತ್ರ. ಆ ಕೊಡೆ ಈಗ ಅಜ್ಜಿಯ ಕೋಳಿಗೂಡಿನ ಮೇಲಿದೆ. ಇಲ್ಲಿ ಮಳೆ ಬಂತು ಎಂದು ಯಾರೂ ಹೇಳುವುದಿಲ್ಲ, ನಿಂತರೆ ಮಾತ್ರ ಸುದ್ದಿ. ಹೋದ ಮಂಗಳವಾರ ಬಿಸಿಲು ಬಿದ್ದಾಗ ಹಾರ್ಡ್‌ವೇರ್ ಅಂಗಡಿಯವನು "ಬೆರ್ರಿ ಕೀಳೋಕೆ ಹೋಗಿದ್ದೀನಿ, ಮೊಳೆ ಬೇಕಾದೋರು ತಗೊಂಡು ಹೋಗಿ" ಎಂದು ಬಾಗಿಲಿಗೆ ಚೀಟಿ ಅಂಟಿಸಿ ಬಕೆಟ್ ಹಿಡಿದು ಗುಡ್ಡ ಹತ್ತಿದ. ನಾನೂ ಹೋದೆ. ಪೊದೆಯ ಆ ಬದಿಯಲ್ಲಿ ಕರಡಿಯೊಂದು ಅದೇ ಹಣ್ಣು ತಿನ್ನುತ್ತಿತ್ತು. ಅವನು ತಲೆ ಎತ್ತದೆ, "ಅದರ ಪಾಲಿಗೆ ಅದು, ನಮ್ಮ ಪಾಲಿಗೆ ನಾವು, ಸದ್ದಿದ್ರೆ ಅದು ಹತ್ರ ಬರಲ್ಲ, ಮಾತಾಡ್ತಾ ಕೀಳು ಮಾರಾಯ್ತಿ" ಎಂದ. ಏನು ಮಾತಾಡಬೇಕೆಂದು ತೋಚದೆ ನಾನು ಗುಣಾಕಾರದ ಮಗ್ಗಿ ಹೇಳಿದೆ. ಶಾಲೆ ನನಗೆ ಉಪಯೋಗಕ್ಕೆ ಬಂದದ್ದು ಅದೊಂದೇ ಸಲ.

ಶಾಲೆ ಬಿಟ್ಟದ್ದಕ್ಕೆ ಬೇಸರವಾಗಿದೆ ಎಂದು ಬರೆದರೆ ನಿನಗೆ ಸಮಾಧಾನವಾಗುತ್ತದೆ, ಆದರೆ ಅದು ಸುಳ್ಳು. ಅಲ್ಲಿ ಕಿಟಕಿಯಾಚೆ ನೋಡುತ್ತೀಯ ಎಂದು ಬೈಯುತ್ತಿದ್ದರು. ಇಲ್ಲಿ ಕಿಟಕಿಯಾಚೆ ನೋಡದವಳನ್ನು ಬೈಯುತ್ತಾರೆ. ಗಾಳಿ ಯಾವ ಕಡೆಗೆ ತಿರುಗಿತು, ಯಾರ ದೋಣಿ ಇನ್ನೂ ಬಂದಿಲ್ಲ ಎಂದು ಅಜ್ಜಿ ಕೇಳಿದಾಗ ಉತ್ತರ ಗೊತ್ತಿರಬೇಕು. ಮೀನು ಕಾರ್ಖಾನೆಯಲ್ಲಿ ಮರ್ನಾ ಅತ್ತೆಯ ಪಕ್ಕದಲ್ಲೇ ನನ್ನ ಜಾಗ. ಗಂಡ, ನಮ್ಮ ವಿಲ್ಬರ್ ಮಾವ, ಹೋದ ಮೇಲೆ ಅವಳು ಸೊರಗಿಹೋಗಿರಬಹುದು ಎಂದುಕೊಂಡಿದ್ದೆ. ಸೊರಗಿದ್ದಾಳೆ, ಆದರೆ ಬಾಯಿ ಸೊರಗಿಲ್ಲ. ನಾನು ಮೀನು ಸೀಳುವುದನ್ನು ನೋಡಿ, "ಪಾಪ ಅದು ಸತ್ತಿದೆ ಕಣೆ, ಮತ್ತೆ ಯಾಕೆ ಕೊಲ್ತೀಯ?" ಎನ್ನುತ್ತಾಳೆ.

ಇನ್ನು ನಾನು ಮಾಡಿದ ಕೆಲಸದ ವಿಷಯ. ಮಾವ ತೀರಿಕೊಂಡದ್ದು ಹೋದ ಅಕ್ಟೋಬರ್‌ನಲ್ಲಿ. ಬರುವ ತಿಂಗಳು ಅವನ ವರ್ಷದ ಔತಣ. ಅದಕ್ಕಾಗಿ ಅಜ್ಜಿ ಬೇಸಿಗೆಯಿಡೀ ಮೀನು ಹೊಗೆಗೆ ಹಾಕಿದ್ದಾಳೆ, ಕಂಬಳಿ ಕೊಂಡು ಅಟ್ಟಕ್ಕೆ ಪೇರಿಸಿದ್ದಾಳೆ. ಹೋದ ವಾರದ ಬಿರುಗಾಳಿಗೆ ಗುಡ್ಡದ ಮೇಲಿನ ಮಸಣದಲ್ಲಿ ಮರದ ಕೊಂಬೆ ಮುರಿದು ಮಾವನ ಸಮಾಧಿಯ ಬೇಲಿಯ ಮೇಲೆ ಬಿದ್ದಿತ್ತು. ನನ್ನ ಕೈಕಾಲು ಸುಮ್ಮನಿರುವುದಿಲ್ಲ ಎಂದು ನಿನಗೆ ಗೊತ್ತಲ್ಲ. ಅಜ್ಜಿಗೆ ಅಚ್ಚರಿಯಾಗಲಿ ಎಂದು ಯಾರಿಗೂ ಹೇಳದೆ ಸುತ್ತಿಗೆ ಹಿಡಿದು ಹೋಗಿ, ಹಳೆಯ ಹಲಗೆಗಳನ್ನು ಜೋಡಿಸಿ, ಒಂದು ಮಧ್ಯಾಹ್ನದಲ್ಲಿ ಬೇಲಿ ನಿಲ್ಲಿಸಿ ಬಂದೆ. ಹೆಮ್ಮೆಯಿಂದ ಹೇಳಿಯೂಬಿಟ್ಟೆ.

ಅಜ್ಜಿ ಮೀನು ಸೀಳುವುದನ್ನು ನಿಲ್ಲಿಸಿದಳು. ಚಾಕು ಕೆಳಗಿಟ್ಟಳು. "ನಮಗೆ ಬೀಗರು ಸತ್ತುಹೋದ್ರೇನೇ?" ಎಂದಳು. ನನಗೆ ಅರ್ಥವಾಗಲಿಲ್ಲ. ಆಮೇಲೆ ಬೈಗುಳದ ನಡುವೆ ಒಂದೊಂದಾಗಿ ಅರ್ಥವಾಯಿತು. ನಮ್ಮ ಜನರಲ್ಲಿ ಎರಡು ಕುಲ, ಕಾಗೆ ಮತ್ತು ಹದ್ದು, ತಾಯಿಯದು ಯಾವುದೋ ಮಕ್ಕಳದೂ ಅದೇ. ನಾವು ಕಾಗೆಯ ಕಡೆ, ನೀನು, ಮಾವ, ಅಜ್ಜಿ, ನಾನು, ಎಲ್ಲ. ಮದುವೆಯಾಗುವುದು ಹದ್ದಿನ ಕಡೆಯವರನ್ನು. ನಮ್ಮಲ್ಲಿ ಯಾರಾದರೂ ಸತ್ತರೆ ಹೆಣ ಹೊರುವುದು, ಗುಂಡಿ ತೋಡುವುದು, ಬೇಲಿ ಕಟ್ಟುವುದು ಎಲ್ಲ ಅವರೇ. ಅವರಲ್ಲಿ ಸತ್ತರೆ ನಾವು. ಅಳುವವರ ಕೈಗೆ ಸುತ್ತಿಗೆ ಕೊಡಬಾರದು ಎಂದು ಹಿರಿಯರು ಮಾಡಿದ್ದು. ವರ್ಷ ತುಂಬಿದಾಗ ಅವರನ್ನು ಕೂರಿಸಿ ಉಣಿಸಿ, ಉಡುಗೊರೆ ಕೊಟ್ಟು ಕಳಿಸಿದರೆ ದುಃಖ ತೀರಿತು. "ನಮ್ಮ ಬೇಲಿ ನಾವೇ ಕಟ್ಕೊಂಡ್ವಿ ಅಂದ್ರೆ ನಿಮ್ಮ ಕೈ ನಮಗೆ ಬೇಡ ಅಂತ ಅವರ ಮುಖಕ್ಕೆ ಹೇಳಿದ ಹಾಗೆ. ಅವರು ಬರದೆ ಹೋದ್ರೆ ಇಷ್ಟು ಮೀನು ಯಾರಿಗೆ ಬಡಿಸ್ಲಿ? ನನ್ನ ಮಗನ ದುಃಖ ಯಾವಾಗ ಇಳಿಸ್ಲಿ?" ಎಂದು ಅಜ್ಜಿ ಅತ್ತಳು. ಇದೆಲ್ಲ ನನಗೆ ಯಾಕೆ ಗೊತ್ತಿರಲಿಲ್ಲ ಎಂದು ಅವಳು ಕೇಳಲಿಲ್ಲ. ನಾನೂ ನಿನ್ನ ಹೆಸರು ಹೇಳಲಿಲ್ಲ. ಆದರೆ ಇಬ್ಬರ ತಲೆಯಲ್ಲೂ ಇದ್ದದ್ದು ನೀನೇ ಅಮ್ಮಾ.

ಮರ್ನಾ ಅತ್ತೆ ಹದ್ದಿನ ಕಡೆಯವಳಲ್ಲವೇ, ಅವಳು ತಕ್ಷಣ ದಾರಿ ಹುಡುಕಿದಳು. "ನನ್ನ ತಮ್ಮ ಸರಿ ಮಾಡ್ದ ಅಂತ ಹೇಳ್ಬಿಡೋಣ. ನೋಡಿದ್ದು ಮಳೆ ಒಂದೇ, ಅದು ಸಾಕ್ಷಿ ಹೇಳಲ್ಲ." ಅಜ್ಜಿ ನನ್ನ ಮುಖ ನೋಡಿದಳು. ನಾನು ಆಗುವುದಿಲ್ಲ ಎಂದೆ. "ಇವಳ ತಲೆಗೆ ಏನು ಮೊಳೆ ಹೊಡೆದಿದಾರೋ" ಎಂದು ಅತ್ತೆ ಹಣೆ ಚಚ್ಚಿಕೊಂಡಳು. ಹಾಗಾದರೆ ಹರ್ಮನ್‌ಗೆ ನೀನೇ ಹೋಗಿ ಹೇಳು, ಹೋದ ವರ್ಷ ಆ ಬೇಲಿ ಕಟ್ಟಿದವನು ಅವನೇ, ಎಂದಳು ಅಜ್ಜಿ.

ಹರ್ಮನ್ ದೊಡ್ಡಪ್ಪ. ಅಪ್ಪನ ಅಣ್ಣ. ಅಪ್ಪ ಸಮುದ್ರಕ್ಕೆ ಬಿದ್ದು ಮತ್ತೆ ಸಿಗದೆ ಹೋದ ದಿನ ದೋಣಿ ನಡೆಸುತ್ತಿದ್ದವರು. ನೀನು ಅವರ ಹೆಸರು ಹೇಳುವುದಿಲ್ಲ ಎಂದು ನಾನೂ ಮೂರು ತಿಂಗಳು ಅವರಿಂದ ದೂರವೇ ಇದ್ದೆ. ಹೋದೆ. ಅವರು ದೋಣಿಯಲ್ಲಿ ಕೂತು ಗಾಳದ ದಾರ ಬಿಡಿಸುತ್ತಿದ್ದರು. ಮಳೆಯಲ್ಲಿ ನಿಂತು ಎಲ್ಲ ಹೇಳಿದೆ. ಅವರು ದಾರದ ಗಂಟು ಪೂರ್ತಿ ಬಿಡಿಸಿದರು. ಆಮೇಲೆ, "ಮೊಳೆ ಹೊಡೆಯೋದು ಯಾರು ಕಲಿಸಿದ್ರು?" ಎಂದರು. ಯಾರೂ ಇಲ್ಲ ಎಂದೆ. "ಹಂಗಾದ್ರೆ ನೋಡೋ ಹಾಗಿರತ್ತೆ, ನಡಿ" ಎಂದು ಸುತ್ತಿಗೆ ಎತ್ತಿಕೊಂಡರು.

ಗುಡ್ಡದ ಮೇಲೆ ಅವರು ನಾನು ಹೊಡೆದ ಒಂದೊಂದು ಮೊಳೆಯನ್ನೂ ಕಿತ್ತರು. ಬಾಗಿದ್ದನ್ನು ಕಲ್ಲಿನ ಮೇಲಿಟ್ಟು ನೆಟ್ಟಗೆ ಮಾಡಿದರು. ಹಲಗೆಗಳನ್ನೆಲ್ಲ ನೆಲಕ್ಕೆ ಮಲಗಿಸಿ, ಟೋಪಿ ತೆಗೆದು ಸ್ವಲ್ಪ ಹೊತ್ತು ನಿಂತರು. ಆಮೇಲೆ ಅದೇ ಹಲಗೆ, ಅದೇ ಮೊಳೆ, ಅದೇ ತೂತಿಗೆ ಮತ್ತೆ ಹೊಡೆದರು. ಹಲಗೆ ಹಿಡಿಯಲು ನಾನು ಕೈ ಚಾಚಿದರೆ, "ನಿಂಗೆ ಇವತ್ತು ಕೆಲಸ ಇಲ್ಲ, ಅಳೋದಿದ್ರೆ ಅಳು" ಎಂದರು. ನನಗೆ ಅಳು ಬಂದಿರಲಿಲ್ಲ. ಅವರು ಹಾಗೆಂದ ಮೇಲೆ ಬಂತು. ನನ್ನ ಮಾವನಿಗಾಗಿ ಇನ್ನೊಬ್ಬರು ಒದ್ದೆಯಾಗುತ್ತಾ ಮಂಡಿಯೂರಿ ಕೂತಿದ್ದಾರೆ, ನಾನು ಸುಮ್ಮನೆ ನಿಂತಿರಬಹುದು. ಕೈಗೆ ಕೆಲಸವಿಲ್ಲದೆ ನನಗೆ ಹಾಯೆನಿಸಿದ್ದು ಹುಟ್ಟಿದ ಮೇಲೆ ಅದೇ ಮೊದಲು. ಈ ಊರಿನ ಬಗ್ಗೆ ನಾನು ಎಷ್ಟು ಬರೆದರೂ ಅದಕ್ಕಿಂತ ದೊಡ್ಡ ಮಾತು ಬರೆಯಲಾರೆ. ಕೊನೆಯ ಮೊಳೆ ಹೊಡೆದು ಎದ್ದು, "ಈಗ ಇದು ಬೇಲಿ. ಔತಣಕ್ಕೆ ಹೊಟ್ಟೆ ಖಾಲಿ ಇಟ್ಕೊಂಡು ಬರ್ತೀವಿ ಅಂತ ನಿಮ್ಮಜ್ಜಿಗೆ ಹೇಳು" ಎಂದರು.

ನಾನು ಇಳಿಯಲು ತಿರುಗಿದೆ. ಅವರು ಬರಲಿಲ್ಲ. ಮೇಲ್ಗಡೆ ಬೆರ್ರಿ ಪೊದೆಗಳ ಕಡೆಗೆ ಗದ್ದ ಎತ್ತಿ ತೋರಿಸಿ, "ಅಲ್ಲಿ ಇನ್ನೊಂದಿದೆ. ವಿಲ್ಬರ್ ಕೈಲಾಗೋವರೆಗೂ ಅವನೇ ನೋಡ್ಕೋತಿದ್ದ. ಅದಕ್ಕೆ ನಾನು ಕೈ ಹಾಕೋ ಹಾಗಿಲ್ಲ" ಎಂದರು. ಮುಳ್ಳು ಸರಿಸಿಕೊಂಡು ಹೋದೆ. ಪಾಚಿ ಕೆರೆದಾಗ ಅಪ್ಪನ ಹೆಸರು ಕಾಣಿಸಿತು. ಸೈಲಸ್. ಬರೀ ಕಲ್ಲು, ಅಪ್ಪ ಅಲ್ಲಿಲ್ಲ, ಗೊತ್ತು. ಆದರೂ ಕಲ್ಲಿದೆ ಅಮ್ಮಾ, ಬೇಲಿ ಕೊಳೆತು ಮಲಗಿದೆ. ಸಮುದ್ರಕ್ಕೆ ಹೋದವರಿಗೆ ಗುರುತು ಇರುವುದಿಲ್ಲ ಎಂದು ನೀನು ಹೇಳಿದ್ದೆ. ನಾವು ಊರು ಬಿಟ್ಟ ಮೇಲೆ ಮಾವ ಅದನ್ನು ನೆಟ್ಟನಂತೆ. ಅಜ್ಜಿಯನ್ನು ಕೇಳಿದರೆ, "ನಿಮ್ಮಮ್ಮ ಬಂದು ತೋರಿಸ್ಲಿ ಅಂತ ಕಾದೆ" ಎಂದಳು. ದೊಡ್ಡಪ್ಪ ತಮ್ಮನ ಬೇಲಿ ಬೀಳುವುದನ್ನು ನೋಡುತ್ತಾ ಅಷ್ಟು ದೂರದಲ್ಲೇ ನಿಂತಿದ್ದರು. ಇಷ್ಟು ಒಳ್ಳೆಯ ಕೈ ಇದ್ದೂ ಮುಟ್ಟುವಂತಿಲ್ಲ. ಅಪ್ಪ ಹದ್ದಿನ ಕಡೆ. ಅದನ್ನು ಕಟ್ಟಬೇಕಾದವರು ನಾವು.

ಮರುದಿನ ಕಾರ್ಖಾನೆಗೆ ರಜೆ ಹಾಕಿದೆ. ಅಂಗಡಿಯವನು ಹಲಗೆ ಕೊಟ್ಟು, "ಈ ಸಲ ಯಾರ ಬೇಲಿ ಅಂತ ಕೇಳ್ಕೊಂಡು ಬಂದಿದೀಯ ತಾನೇ?" ಎಂದು ಛೇಡಿಸಿದ. ಊರಿಗೆಲ್ಲ ಗೊತ್ತಾಗಿದೆ. ಮೂರು ಕಡೆ ಕಟ್ಟಿ ಮುಗಿಸಿದೆ. ದೊಡ್ಡಪ್ಪ ಸ್ಪ್ರೂಸ್ ಮರದ ಕೆಳಗೆ ಕೈಕಟ್ಟಿ ಕೂತಿದ್ದರು, ಮೊಳೆ ಓರೆಯಾದಾಗೆಲ್ಲ ಕೆಮ್ಮುತ್ತಿದ್ದರು. ಮಧ್ಯದಲ್ಲೊಮ್ಮೆ ಅತ್ತರು. ನಾನು ತಿರುಗಿ ನೋಡಲಿಲ್ಲ, ನನಗೆ ಕೆಲಸವಿತ್ತು.

ಅಜ್ಜಿಯ ಆಶೀರ್ವಾದ ನಿನಗೆ. ಮರ್ನಾ ಅತ್ತೆಯೂ ನೆನೆದಿದ್ದಾಳೆ, ಆ ಮಾತನ್ನು ಹಾಗೇ ಬರೆದರೆ ಅಂಚೆಯವನು ನಾಚಿಕೊಂಡಾನು. ಊಟ ಬಿಡಬೇಡ. ಮುಲಾಮು ಹಚ್ಚಿಕೋ.

ನಿನ್ನ ಹಟಮಾರಿ ಮಗಳು,
ಲೆನೋರಾ

ಬರೆಯದೆ ಬಿಟ್ಟಿದ್ದು: ಅಂಚೆ ಒಯ್ಯುವ ವಿಮಾನ ಆಗಲೇ ಸದ್ದು ಮಾಡುತ್ತಿದೆ. ಅಪ್ಪನ ಬೇಲಿಗೆ ನಾಲ್ಕನೆಯ ಕಡೆ ಇನ್ನೂ ಕಟ್ಟಿಲ್ಲ. ಹಲಗೆಗಳನ್ನು ಅಲ್ಲೇ ಟಾರ್ಪಾಲು ಮುಚ್ಚಿ ಇಟ್ಟಿದ್ದೇನೆ, ಮೊಳೆ ಡಬ್ಬಿಯಲ್ಲಿದೆ. ಅದನ್ನು ನಾನು ಕಟ್ಟುವುದಿಲ್ಲ, ಇನ್ನು ಯಾವ ಕಾಗೆಗೂ ಕಟ್ಟಲು ಬಿಡುವುದಿಲ್ಲ. ನೀನು ಬರದಿದ್ದರೆ ತೆರೆದೇ ಇರಲಿ, ಕರಡಿ ನುಗ್ಗಿದರೆ ನುಗ್ಗಲಿ. ಮಾವನ ಔತಣ ಅಕ್ಟೋಬರ್ ಮೂರನೆಯ ಶನಿವಾರ. ಸುತ್ತಿಗೆ ದೊಡ್ಡಪ್ಪ ಕೊಡುತ್ತಾರಂತೆ. ಅವರೇ ಹೇಳಿದರು, ನಾನು ಕೇಳಿರಲಿಲ್ಲ. ಕೊಡೆ ತರಬೇಡ.