ಮಗಳ ತರಗತಿಯಲ್ಲಿ ಅರ್ಧ ಕುರ್ಚಿ

ಮಾನ್ಯ ಗೃಹಮಂತ್ರಿಗಳ ಸನ್ನಿಧಿಗೆ,

ನೀನು ತೀರಿಕೊಂಡ ಮೇಲೆ ಮನೆಯ ಖಾತೆ ನನ್ನ ತಲೆಗೇ ಬಿದ್ದಿದೆ. ಆಡಳಿತ ದೇವರಿಗೇ ಪ್ರೀತಿ. ಮಗಳು ಈಗ ಆನ್‌ಲೈನ್ ಶಾಲೆಯಲ್ಲಿ ಓದುತ್ತಾಳೆ. ಮನಸ್ಸಿಗೆ ಹುಷಾರಿಲ್ಲದ ಮಕ್ಕಳಿಗೆಂದೇ ಇರುವ ಶಾಲೆ. ಮುಖ ತೋರಿಸಬೇಕಿಲ್ಲ, ಮಾತಾಡಬೇಕಿಲ್ಲ. ಒಂದು ಚುಕ್ಕೆ ಟೈಪ್ ಮಾಡಿದರೆ ಹಾಜರಿ. ನಮ್ಮ ಕಾಲದಲ್ಲಿ ಇದ್ದಿದ್ದರೆ ನಾನೇ ಫಸ್ಟ್ ಬರುತ್ತಿದ್ದೆ.

ಇವತ್ತು ಹರಿದ ಬನಿಯನ್ನಿನಲ್ಲಿ ಅವಳ ಕೋಣೆ ಗುಡಿಸುತ್ತಿದ್ದೆ. ಆಗಲೇ ಅವಳು ಮೊದಲ ಸಲ ಕ್ಯಾಮೆರಾ ಆನ್ ಮಾಡಿದಳು. ಪರದೆಯ ಮೇಲೆ ಅವಳ ಬೆನ್ನ ಹಿಂದೆ ಪೊರಕೆ ಸಮೇತ ನಾನು.

"ಹಿಂದೆ ಯಾರಮ್ಮ ಅದು?" ಅಂದರು ಟೀಚರ್.

ತಿಂಗಳುಗಟ್ಟಲೆ ತುಟಿ ಬಿಚ್ಚದವಳು ಮೈಕ್ ಒತ್ತಿದಳು. "ನಮ್ಮಪ್ಪ, ಮಿಸ್. ಬರೀ ಜೋಕ್ ಹೊಡೀತಿರ್ತಾರೆ. ಅಮ್ಮ ಹೋದಾಗಿಂದ ಅವರಿಗೂ ಹುಷಾರಿಲ್ಲ. ಅವರನ್ನೂ ಸೇರಿಸ್ಕೋತೀರಾ?"

"ಕೂತ್ಕೊಳ್ಳಲಿ ಬಿಡು. ಇಲ್ಲಿ ವಯಸ್ಸು ಕೇಳಲ್ಲ."

ಅವಳು ಸರಿದು ಕುರ್ಚಿಯಲ್ಲಿ ಅರ್ಧ ಜಾಗ ಬಿಟ್ಟಳು. ನನಗೆ ಒಂದು ಜೋಕೂ ಹೊಳೆಯಲಿಲ್ಲ. ಕೂತೆ. ಭೂಗೋಳದ ಪಾಠ ನಡೆಯುತ್ತಿತ್ತು. ಒಂದಕ್ಷರವೂ ತಲೆಗೆ ಹತ್ತಲಿಲ್ಲ. ಆದರೆ ಆಸ್ಪತ್ರೆಯಲ್ಲಿ ನಿನ್ನ ಕೊನೇ ಗಳಿಗೆಯಲ್ಲಿ ಎದ್ದು ಹೋದ ಹಾಗೆ, ಈ ಸಲ ಕಾಫಿ ಕುಡಿದು ಬರುತ್ತೇನೆಂದು ಹೋಗಲಿಲ್ಲ. ಕೊನೆಯವರೆಗೂ ಪಕ್ಕದಲ್ಲೇ ಕೂತಿದ್ದೆ.